ಎಳೆ ಕಡಿದರೆ ನಿಲ್ಲುವ ಯಂತ್ರ

ಕೃತಕ ಬುದ್ಧಿಮತ್ತೆ ಕ್ಷಣಮಾತ್ರದಲ್ಲಿ ಕೋಡ್ ಬರೆದುಕೊಡುತ್ತಿದೆ. ಕಾರ್ಖಾನೆಗಳನ್ನು ನಡೆಸುವ ತಂತ್ರಾಂಶದ ಉತ್ಪಾದಕತೆ ಇದರಿಂದ ಹಲವು ಮಡಿ ಏರೀತೆ? ಉತ್ತರ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿದೆ, ಬಿಡದಿಯ ಜೋಡಣೆಯ ಸಾಲಿನಲ್ಲಿದೆ, ಕನಕಪುರವನ್ನು ಹಾದುಹೋದ ಹಳೆಯ ವಿದ್ಯುತ್ ತಂತಿಯಲ್ಲಿದೆ.

ಬೆಳಗಿನ ಹೊತ್ತು ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಹೊಕ್ಕವರನ್ನು ಮೊದಲು ಎದುರುಗೊಳ್ಳುವುದು ಹಸಿಗೂಡಿನ ತೀಕ್ಷ್ಣವಾದ ವಾಸನೆ; ಆಮೇಲೆ, ಬಿಳಿಯ ದ್ವಿತಳಿಯನ್ನೂ ಹಳದಿಯ ಮಿಶ್ರತಳಿಯನ್ನೂ ಹರವಿಕೊಂಡು, ಪ್ರಯಾಣದ ಆಯಾಸ ಇನ್ನೂ ಮುಖದ ಮೇಲಿರುವಂತೆಯೇ ತಮ್ಮ ತಮ್ಮ ಲಾಟಿನ ಪಕ್ಕದಲ್ಲಿ ನಿಂತ ರೈತರು, ಮತ್ತು ಅವರ ನಡುವೆ ಒಂದು ಕೈಯಲ್ಲಿ ನಾಲ್ಕಾರು ಗೂಡುಗಳನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದು ಸಂಚರಿಸುವ, ಗೂಡು ಕೊಂಡು ನೂಲು ಬಿಚ್ಚಿಸುವ ರೀಲರುಗಳು.

ರೀಲರು ಗೂಡನ್ನು ಹೆಬ್ಬೆರಳಿನಿಂದ ಅದುಮಿ ಚಿಪ್ಪಿನ ಗಟ್ಟಿತನವನ್ನು ಅರಿಯುತ್ತಾರೆ. ಕಿವಿಯ ಬಳಿ ಅಲುಗಿಸಿ ಒಳಗಿನ ಹುಳುವಿನ ಸ್ಥಿತಿಯನ್ನು ಊಹಿಸುತ್ತಾರೆ. ಹೀಗೆ ತಲೆಮಾರುಗಳಿಂದ ಬೆರಳಿನಲ್ಲಿ ಸಂಚಿತವಾದ ವಿವೇಕವು ಬೆಲೆಯೊಂದನ್ನು ನಿಶ್ಚಯಿಸಿದೊಡನೆ ಅದೇ ಬೆರಳು ಮೊಬೈಲಿನ ತೆರೆಯ ಮೇಲೆ ಆ ಬೆಲೆಯನ್ನು ನಮೂದಿಸುತ್ತದೆ.

ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಸದ್ದಿಲ್ಲದೆ ಮುಗಿಯುತ್ತದೆ. ಅತಿ ಹೆಚ್ಚಿನ ಬೆಲೆ ಪ್ರಕಟವಾದ ಮೇಲೆ ಅದನ್ನು ಒಪ್ಪುವ ಅಥವಾ ಒಲ್ಲೆನೆನ್ನುವ ಹಕ್ಕು ರೈತನದು. ಒಪ್ಪಿದನೆಂದರೆ ವಿದ್ಯುನ್ಮಾನ ತಕ್ಕಡಿಯಲ್ಲಿ ತೂಕ, ಅನಂತರ ಹಣ ಬ್ಯಾಂಕಿನ ಖಾತೆಗೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಕೂಗುವ, ಬರೆಯುವ, ಕೂಡಿ ಕಳೆಯುವ ಕೆಲಸವನ್ನು ತಂತ್ರಾಂಶವು ತಾನು ವಹಿಸಿಕೊಂಡಿತಲ್ಲದೆ ಗೂಡನ್ನು ಪರೀಕ್ಷಿಸುವ ಬೆರಳನ್ನು ಅದು ಮುಟ್ಟಲಿಲ್ಲ. ಅಷ್ಟು ಕೆಲಸ ಸುಗಮವಾಗಬೇಕಾದರೂ ರೈತನಿಗೆ ಖಾತೆ, ರೀಲರಿಗೆ ಮುಂಗಡ ಠೇವಣಿ, ಪ್ರತಿ ಲಾಟಿಗೂ ಒಂದು ಸಂಖ್ಯೆ, ತೂಕಕ್ಕೆ ಹೊಸ ತಕ್ಕಡಿ ಎಂದು ಇಡೀ ಮಾರುಕಟ್ಟೆಯ ವ್ಯವಸ್ಥೆಯೇ ಬದಲಾಗಬೇಕಾಯಿತು.

ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಯಿಂದ ಕೆಲವೇ ಮೈಲಿಗಳ ಅಂತರದಲ್ಲಿ, ಬಿಡದಿಯ ಸುತ್ತಣ ಗ್ರಾಮಗಳ ಸಾವಿರಾರು ಎಕರೆಯಲ್ಲಿ, ಕೃತಕ ಬುದ್ಧಿಮತ್ತೆಯ ನಗರವೊಂದನ್ನು ಕಟ್ಟುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ. ಭೂಮಿಯನ್ನು ಬಿಟ್ಟುಕೊಡಲೊಲ್ಲದ ರೈತರ ಪ್ರತಿಭಟನೆಯೂ ಅದರ ಬೆನ್ನಿಗೇ ಎದ್ದಿದೆ. ಭೂಮಿಯ ಪ್ರಶ್ನೆ ಗುರುತರವಾದದ್ದು, ಅದಕ್ಕೆ ಪ್ರತ್ಯೇಕವಾದ ಚರ್ಚೆಯೇ ಆಗಬೇಕು. ಆದರೆ ಆ ಯೋಜನೆಯ ಜತೆಯಲ್ಲೇ ಜನರ ಬಾಯಲ್ಲಿ ಹರಿದಾಡುತ್ತಿರುವ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಬಹುದು. ನೂರು ಜನ ಬರೆಯುತ್ತಿದ್ದ ತಂತ್ರಾಂಶವನ್ನು ಇನ್ನು ಹತ್ತು ಜನ ಬರೆಯುವರೆ?

ಯಾವುದನ್ನು ಅಳೆಯುವುದು?

ಕೈಗಾರಿಕೆಯ ತಂತ್ರಾಂಶವೆಂದರೆ ನಾವು ಮೊಬೈಲಿನಲ್ಲಿ ದಿನವೂ ಕಾಣುವ ತಂತ್ರಾಂಶಕ್ಕಿಂತ ಬೇರೆ ಜಾತಿಯದು. ಉಕ್ಕಿನ ತಗಡನ್ನು ಅದುಮುವ ಪ್ರೆಸ್ಸಿಗೆ ಯಾವಾಗ ಇಳಿಯಬೇಕೆಂದು ತಿಳಿಸುವುದು, ಬೆಸುಗೆ ಹಾಕುವ ರೋಬಾಟಿನ ತೋಳನ್ನು ನಡೆಸುವುದು, ಡೀಸೆಲ್ ಎಂಜಿನ್ನಿಗೆ ಇಂಧನ ಎಷ್ಟು ಚಿಮ್ಮಬೇಕೆಂದು ನಿರ್ಣಯಿಸುವುದು ಇದರ ಕೆಲಸ. ತಪ್ಪಿದರೆ ಕೈ ಹೋಗುತ್ತದೆ, ಜೀವವೂ ಹೋಗಬಹುದು. ಒಮ್ಮೆ ಸ್ಥಾಪಿಸಿದ ಮೇಲೆ ಹತ್ತಿಪ್ಪತ್ತು ವರ್ಷ ಅದು ನಡೆಯುತ್ತಲೇ ಇರಬೇಕು.

ಇಂಥ ತಂತ್ರಾಂಶವನ್ನು ಬರೆಯುವವರ ಉತ್ಪಾದಕತೆಯನ್ನು ಬಹುಕಾಲ ಕೋಡಿನ ಸಾಲುಗಳ ಸಂಖ್ಯೆಯಿಂದ ಅಳೆಯುತ್ತಿದ್ದರು. ಹತ್ತು ಸಾಲಿನಲ್ಲಿ ಮುಗಿಯುವ ಕೆಲಸವನ್ನು ನೂರು ಸಾಲಿನಲ್ಲಿ ಮಾಡಿದವನು ಹತ್ತು ಪಟ್ಟು ಸಮರ್ಥನೆನಿಸುವ ಈ ಲೆಕ್ಕದ ದೋಷವನ್ನು ಕಂಡುಕೊಂಡು, ಐಬಿಎಂ ಸಂಸ್ಥೆಯ ಅಲನ್ ಆಲ್ಬ್ರೆಕ್ಟ್ 1979ರಲ್ಲಿ, ಬರೆದ ಸಾಲುಗಳನ್ನು ಬಿಟ್ಟು ಬಳಕೆದಾರನಿಗೆ ಒದಗಿದ ಕಾರ್ಯಗಳನ್ನು ಎಣಿಸುವ ಪದ್ಧತಿಯೊಂದನ್ನು ಮುಂದಿಟ್ಟರು.

ರಾಮನಗರದ ನೂಲು ಬಿಚ್ಚಾಣಿಕೆಯವರಿಗೆ ಈ ವಿವೇಕ ಹೊಸದಲ್ಲ. ಅವರ ಅಳತೆ ರೆಂಡಿಟಾ: ಒಂದು ಕಿಲೋ ನೂಲು ಬರಬೇಕಾದರೆ ಎಷ್ಟು ಕಿಲೋ ಗೂಡು ಬೇಕು ಎಂಬ ಸಂಖ್ಯೆ. ಅದು ಇಳಿದಷ್ಟೂ ಲಾಭ, ಏರಿದಷ್ಟೂ ನಷ್ಟ. ಚರಕ ಎಷ್ಟು ಸುತ್ತು ತಿರುಗಿತೆಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ತಂತ್ರಾಂಶದಲ್ಲಿಯೂ ಕೇಳಬೇಕಾದದ್ದು ಅದೇ: ವ್ಯಯವಾದ ಬುದ್ಧಿ, ಕಾಲ, ಹಣಗಳಿಗೆ ಪ್ರತಿಯಾಗಿ ಕಾರ್ಖಾನೆಗೆ ದೋಷರಹಿತವಾಗಿ ದಕ್ಕಿದ್ದೆಷ್ಟು?

ಮಗ್ಗದಿಂದ ಮೋಟಾರಿಗೆ

ದಕ್ಕುವಿಕೆಯನ್ನು ಹೆಚ್ಚಿಸುವ ಕಾರಣಗಳಲ್ಲಿ ಮೊದಲನೆಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು, ದೋಷವನ್ನು ಅದು ಹುಟ್ಟಿದ ಸ್ಥಳದಲ್ಲೇ ಹಿಡಿಯುವುದು. ಇದರ ಕಥೆ ಮಗ್ಗದಿಂದ ಆರಂಭವಾಗುತ್ತದೆ.

ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರೈಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ಅಪೂರ್ವ ಗುಣವಿತ್ತು: ಎಳೆ ಕಡಿದೊಡನೆ ಅದು ತಾನಾಗಿ ನಿಲ್ಲುತ್ತಿತ್ತು. ಎಳೆ ಕಡಿದಿರುವುದನ್ನು ಅರಿಯದೆ ಗಜಗಟ್ಟಲೆ ಕೆಟ್ಟ ಬಟ್ಟೆಯನ್ನು ನೇಯುವ ವೇಗಕ್ಕಿಂತ, ಕಡಿದ ಕ್ಷಣದಲ್ಲಿ ನಿಂತು ಮನುಷ್ಯನನ್ನು ಕರೆಯುವ ವಿವೇಕವೇ ಹೆಚ್ಚಿನ ಉತ್ಪಾದಕತೆ ಎಂಬ ತತ್ತ್ವ ಅದರಲ್ಲಿ ಅಡಗಿತ್ತು. ಯಂತ್ರ ತಾನೇ ನಿಲ್ಲುವುದರಿಂದ ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು.

ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ 1929ರಲ್ಲಿ ಕೊಂಡಿತು. ಮಗ್ಗದ ಮನೆತನ ಮುಂದೆ ಮೋಟಾರು ತಯಾರಿಕೆಗಿಳಿದು ಟೊಯೋಟಾ ಆಯಿತು. ನಮ್ಮ ಸೀಮೆಗೆ ಅದರ ಆಗಮನವೂ ಅದೇ ಕ್ರಮದಲ್ಲಿ ನಡೆಯಿತೆಂಬುದು ಸ್ವಾರಸ್ಯಕರ: ಕಿರ್ಲೋಸ್ಕರ್ ಸಮೂಹದೊಡನೆ 1995ರಲ್ಲಿ ಕೂಡಿಕೊಂಡದ್ದು ನೂಲಿನ ಯಂತ್ರಗಳ ತಯಾರಿಕೆಗಾಗಿ, ಮೋಟಾರು ಕಂಪನಿ ಸ್ಥಾಪಿತವಾದದ್ದು 1997ರಲ್ಲಿ. 1999ರ ಡಿಸೆಂಬರಿನಲ್ಲಿ ಬಿಡದಿಯಿಂದ ಕ್ವಾಲಿಸ್ ವಾಹನ ಹೊರಬಂದಿತು, 2010ರಲ್ಲಿ ಎರಡನೆಯ ಘಟಕವೂ ಕೆಲಸ ಆರಂಭಿಸಿತು.

ಟೊಯೋಟಾದ ಜೋಡಣೆಯ ಸಾಲಿನಲ್ಲಿ ಕೆಲಸಗಾರನ ಕೈಗೆಟುಕುವಂತೆ ಒಂದು ಹಗ್ಗವಿರುತ್ತದೆ. ಏನಾದರೂ ಸರಿಯಿಲ್ಲವೆಂದು ಕಂಡರೆ ಅವನು ಅದನ್ನು ಎಳೆಯುತ್ತಾನೆ; ದೀಪ ಹೊತ್ತಿಕೊಳ್ಳುತ್ತದೆ; ಮೇಲಿನವರು ಧಾವಿಸಿ ಬರುತ್ತಾರೆ; ಗೊತ್ತಾದ ಗಡುವಿನೊಳಗೆ ಪರಿಹಾರವಾಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಕೋಟಿಗಟ್ಟಲೆ ಬೆಲೆಯ ಕಾರ್ಖಾನೆಯನ್ನು ನಿಲ್ಲಿಸುವ ಅಧಿಕಾರವನ್ನು ಅಲ್ಲಿ ಸಾಮಾನ್ಯ ಕೆಲಸಗಾರನ ಕೈಯಲ್ಲಿಡಲಾಗಿದೆ.

ತಂತ್ರಾಂಶದ ಲೋಕ ಈ ಪಾಠವನ್ನು ತಡವಾಗಿ ಕಲಿತರೂ ಶ್ರದ್ಧೆಯಿಂದ ಕಲಿತಿತು. ತಿಂಗಳುಗಟ್ಟಲೆ ಬರೆದು ಕೊನೆಯಲ್ಲಿ ಪರೀಕ್ಷಿಸುತ್ತಿದ್ದ ಪದ್ಧತಿ ಹೋಗಿ, ಪ್ರತಿ ಬದಲಾವಣೆಯನ್ನೂ ಅಂದೇ ಸ್ವಯಂಚಾಲಿತವಾಗಿ ಪರೀಕ್ಷಿಸಿ, ಒಂದು ಪರೀಕ್ಷೆ ಸೋತರೂ ಮುಂದಿನ ಕೆಲಸವನ್ನು ತಡೆಹಿಡಿಯುವ ಪದ್ಧತಿ ಬಂದಿತು. ನಡೆಯುತ್ತಿರುವ ಸಾಲಿನ ಮೇಲೆ ಪ್ರಯೋಗ ಮಾಡುವಂತಿಲ್ಲವಾದ ಕಾರಣ, ಕಾರ್ಖಾನೆಯ ಪ್ರತಿರೂಪವನ್ನೇ ಕಂಪ್ಯೂಟರಿನಲ್ಲಿ ರಚಿಸಿ, ರೋಬಾಟಿನ ತೋಳು ಕಂಬಕ್ಕೆ ಬಡಿಯುವುದಾದರೆ ಅಲ್ಲೇ ಬಡಿಯಲಿ ಎಂದು ಮೊದಲೇ ನಡೆಸಿ ನೋಡುವುದು ಈಗ ದೊಡ್ಡ ಸ್ಥಾವರಗಳಲ್ಲಿ ರೂಢಿಯಾಗಿದೆ.

[ಚೌಕಟ್ಟು] ಗಾಜಿನ ಸಂದಿಯಲ್ಲಿ ಕುಳಿತ ಕಣ್ಣು
ಒಂದು ಗೂಡಿನ ಎಳೆ ಅತಿ ಸೂಕ್ಷ್ಮ; ಏಳೆಂಟು ಗೂಡುಗಳ ಎಳೆ ಕೂಡಿದರೆ ನೇಯಲು ಒದಗುವ ಒಂದು ನೂಲು. ನೂಲಿನ ದಪ್ಪದ ಅಳತೆ ಡೀನಿಯರ್: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಂಬುದು. ಚರಕದಲ್ಲಿ ದಪ್ಪವನ್ನು ಕಾಯುವುದು ಬಿಚ್ಚುವವರ ಕಣ್ಣು. ಜಪಾನಿನಲ್ಲಿ ರೂಪುಗೊಂಡ ಸ್ವಯಂಚಾಲಿತ ಯಂತ್ರದಲ್ಲಿಯಾದರೋ ನೂಲು ಎರಡು ಗಾಜಿನ ಬಿಲ್ಲೆಗಳ ನಡುವಣ ಸಂದಿಯಲ್ಲಿ ಹಾಯುತ್ತದೆ. ನೂಲು ತೆಳುವಾದರೆ ಘರ್ಷಣೆ ಕುಗ್ಗುತ್ತದೆ, ಸನ್ನೆಕೋಲು ಚಲಿಸುತ್ತದೆ, ಹೊಸ ಗೂಡಿನ ಎಳೆ ಬಂದು ಸೇರಿಕೊಳ್ಳುತ್ತದೆ. ಕಂಪ್ಯೂಟರಿಲ್ಲದೆಯೇ ಅಳೆದು, ಹೋಲಿಸಿ, ತಿದ್ದಿಕೊಳ್ಳುವ ಈ ಚಕ್ರವೇ ಇಂದಿನ ಕೈಗಾರಿಕಾ ತಂತ್ರಾಂಶದ ಹೃದಯ.

ಕನಕಪುರದ ಮೇಲಣ ತಂತಿ

ಹೊಸ ಉಪಕರಣ ಬಂದೊಡನೆ ಉತ್ಪಾದಕತೆ ಏರುವುದಿಲ್ಲವೆಂಬುದಕ್ಕೆ ವಿದ್ಯುತ್ತೇ ನಿದರ್ಶನ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದ ತಂತಿ ಅಂದಿನ ಕಾನಕಾನಹಳ್ಳಿಯನ್ನು, ಎಂದರೆ ಇಂದಿನ ಕನಕಪುರವನ್ನು, ಹಾದುಹೋಗುತ್ತಿತ್ತು. ಲೋಕದಲ್ಲಿ ಆ ಕಾಲಕ್ಕೆ ಅಷ್ಟು ದೀರ್ಘವಾದ ವಿದ್ಯುತ್ ಮಾರ್ಗಗಳು ವಿರಳ. ಆದರೆ ತಲೆಯ ಮೇಲೆ ತಂತಿ ಹಾದುಹೋದ ಮಾತ್ರಕ್ಕೆ ಕೆಳಗಿನ ಮನೆಗಳಲ್ಲಿ ದೀಪ ಹೊತ್ತಲಿಲ್ಲ, ಚರಕಗಳಿಗೆ ಮೋಟಾರು ಕೂಡಲಿಲ್ಲ. ಅದಕ್ಕೆ ದಶಕಗಳೇ ಹಿಡಿದವು.

ವಿದ್ಯುತ್ತಿನ ಈ ನಿಧಾನ ನಮ್ಮ ನಾಡಿಗೆ ಮಾತ್ರ ಸೀಮಿತವಾದದ್ದಲ್ಲ. ಅಮೆರಿಕೆಯ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ತೋರಿಸಿಕೊಟ್ಟಂತೆ, ಅಲ್ಲಿನ ಕಾರ್ಖಾನೆಗಳ ಚಾಲಕಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು 1900ರ ಸುಮಾರಿಗೆ ಶೇಕಡ 5ರಷ್ಟು. ಅದು ಅರ್ಧದಷ್ಟಾಗಬೇಕಾದರೆ 1920 ಬರಬೇಕಾಯಿತು. ಉತ್ಪಾದಕತೆಯ ನಿಜವಾದ ಜಿಗಿತ ಕಂಡದ್ದು ಆ ಬಳಿಕವೇ.

ಕಾರಣ ಸರಳವಾದದ್ದು, ಆದರೆ ಆಳವಾದದ್ದು. ಉಗಿಯಂತ್ರದ ಕಾಲದಲ್ಲಿ ಇಡೀ ಕಾರ್ಖಾನೆಯ ಮಾಡಿನ ಕೆಳಗೆ ಒಂದು ಉದ್ದನೆಯ ಉಕ್ಕಿನ ದಂಡ ತಿರುಗುತ್ತಿತ್ತು, ಪಟ್ಟಿಗಳ ಮೂಲಕ ಎಲ್ಲ ಯಂತ್ರಗಳೂ ಅದಕ್ಕೆ ಅಧೀನವಾಗಿದ್ದುವು. ಮಾಲಿಕರು ಮೊದಲು ಉಗಿಯಂತ್ರವನ್ನು ತೆಗೆದು ಅದರ ಸ್ಥಾನದಲ್ಲಿ ದೊಡ್ಡ ಮೋಟಾರೊಂದನ್ನು ಇರಿಸಿದರೇ ಹೊರತು ದಂಡವನ್ನು ಕಳಚಲಿಲ್ಲ. ಪ್ರತಿ ಯಂತ್ರಕ್ಕೂ ಅದರದೇ ಆದ ಸಣ್ಣ ಮೋಟಾರನ್ನು ಕೊಟ್ಟು, ಕೆಲಸದ ಹರಿವಿಗೆ ತಕ್ಕಂತೆ ಕಟ್ಟಡವನ್ನೇ ಬೇರೆಯಾಗಿ ಕಟ್ಟಿದ ಮೇಲೆ ಲಾಭ ಹರಿದುಬಂದಿತು.

ಕಂಪ್ಯೂಟರು ಎಲ್ಲೆಲ್ಲೂ ಕಾಣುತ್ತಿದ್ದರೂ ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲವೆಂದು 1987ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ವಿಸ್ಮಯಪಟ್ಟರಷ್ಟೆ. ಅವರ ವಿಸ್ಮಯಕ್ಕೆ ಡೇವಿಡ್ ಕೊಟ್ಟ ಸಮಾಧಾನ ಈ ಹಳೆಯ ದಂಡದ ಕಥೆ. ಕಾಗದದ ರಿಜಿಸ್ಟರನ್ನು ಹಾಗೆಯೇ ಇರಿಸಿಕೊಂಡು ಅದರ ಪಕ್ಕದಲ್ಲಿ ಕಂಪ್ಯೂಟರನ್ನೂ ತುಂಬುವ ಕಚೇರಿ, ಕೆಲಸದ ಕ್ರಮವನ್ನು ಬದಲಿಸದೆ ದುಬಾರಿ ತಂತ್ರಾಂಶವನ್ನು ಕೊಂಡ ಕಾರ್ಖಾನೆ, ಎರಡೂ ದಂಡವನ್ನು ಕಳಚದೆ ಮೋಟಾರನ್ನು ತಂದವರೇ.

ಒಪ್ಪಿದ ನಿಯಮಗಳು

ದಕ್ಕುವಿಕೆಯನ್ನು ಹೆಚ್ಚಿಸುವ ಎರಡನೆಯ ದೊಡ್ಡ ಕಾರಣ ಎಲ್ಲರೂ ಒಪ್ಪಿಕೊಂಡ ಸಾಮಾನ್ಯ ನಿಯಮಗಳು. 1968ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಗೇರ್‌ಬಾಕ್ಸ್ ಕಾರ್ಖಾನೆಗಾಗಿ ಒಂದು ಹೊಸ ನಿಯಂತ್ರಕವನ್ನು ಅಪೇಕ್ಷಿಸಿತು. ಅಲ್ಲಿಯವರೆಗೆ ಯಂತ್ರಗಳನ್ನು ನಡೆಸುತ್ತಿದ್ದ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳ ತಂತಿಗಳನ್ನು, ವಾಹನದ ಮಾದರಿ ಬದಲಾದಾಗಲೆಲ್ಲ ಕಿತ್ತು ಮತ್ತೆ ಕಟ್ಟಬೇಕಾಗಿತ್ತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ರಚಿಸಿದ ಮಾಡಿಕಾನ್ 084 ಈ ಕಷ್ಟವನ್ನು ನೀಗಿತು. ಪಿಎಲ್‌ಸಿ ಎಂದು ಇಂದು ಪ್ರತಿ ಐಟಿಐ ವಿದ್ಯಾರ್ಥಿಯೂ ಬಲ್ಲ ಯಂತ್ರದ ಮೂಲಪುರುಷ ಅದು.

ಅದರ ಜಯದ ಗುಟ್ಟು ವೇಗದಲ್ಲಿರಲಿಲ್ಲ. ಕಾರ್ಖಾನೆಯ ಎಲೆಕ್ಟ್ರಿಷಿಯನ್ನನಿಗೆ ಮೊದಲೇ ಪರಿಚಿತವಾಗಿದ್ದ ರಿಲೇ ನಕ್ಷೆಯ ರೂಪದಲ್ಲೇ, ಏಣಿಯ ಮೆಟ್ಟಿಲುಗಳಂತೆ ಕಾಣುವ ಲ್ಯಾಡರ್ ಚಿತ್ರದಲ್ಲೇ, ಅದರ ಆದೇಶಗಳನ್ನು ಬರೆಯಬಹುದಾಗಿತ್ತು. ಹೊಸ ಪಂಡಿತರನ್ನು ಕರೆತರದೆ, ಇದ್ದ ಕೆಲಸಗಾರರ ಜ್ಞಾನವನ್ನೇ ಮೇಲೆತ್ತಿದ ಆ ನಿರ್ಣಯವನ್ನು ತಂತ್ರಾಂಶದ ಇತಿಹಾಸದಲ್ಲಿ ಅತ್ಯಂತ ಮಾನವೀಯವಾದ ನಿರ್ಣಯಗಳಲ್ಲೊಂದೆಂದು ನಾನು ಭಾವಿಸುತ್ತೇನೆ.

[ಚೌಕಟ್ಟು] ತಂತಿ ಕಡಿಮೆ, ಮಾತು ಹೆಚ್ಚು
ವಾಹನದ ಬಿಡಿ ನಿಯಂತ್ರಕಗಳು ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ಸಂವಾದಿಸುವ ‘ಕ್ಯಾನ್’ ಪದ್ಧತಿಯನ್ನು ಬಾಷ್ ಸಂಸ್ಥೆ 1986ರಲ್ಲಿ ಲೋಕಕ್ಕೆ ಪ್ರಕಟಿಸಿತು. ಪಿಎಲ್‌ಸಿ ಭಾಷೆಗಳಿಗೆ 1993ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂದಿತು. ವಾಹನದ ತಂತ್ರಾಂಶಕ್ಕೆ ಸಾಮಾನ್ಯ ಚೌಕಟ್ಟಾದ ‘ಆಟೋಸಾರ್’ ಒಕ್ಕೂಟ 2003ರದು. ಬಾಷ್ ಅದರ ಸ್ಥಾಪಕರಲ್ಲೊಂದು, ಟೊಯೋಟಾ ಅನಂತರ ಸೇರಿತು. ಬೆಂಗಳೂರಿನಲ್ಲಿ 1951ರಲ್ಲಿ ‘ಮೈಕೋ’ ಎಂಬ ಹೆಸರಿನಿಂದ ಆರಂಭವಾದ ಬಾಷ್, ಆಡುಗೋಡಿಯ ತಯಾರಿಕೆಯನ್ನು ಬಿಡದಿಗೆ ತಂದಿದೆ.

ಜನರ ಲೆಕ್ಕ

ಕೆಲಸ ತಡವಾಯಿತೆಂದರೆ ಆಳು ಹೆಚ್ಚಿಸುವುದು ಗದ್ದೆಯ ನ್ಯಾಯ. ತಂತ್ರಾಂಶದಲ್ಲಿ ಆ ನ್ಯಾಯ ತಲೆಕೆಳಗಾಗುತ್ತದೆಂಬುದನ್ನು, ಐಬಿಎಂನ ಬೃಹತ್ ಯೋಜನೆಯೊಂದನ್ನು ನಿರ್ವಹಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ವಿವರಿಸಿದರು. ಹತ್ತು ಜನ ಪರಸ್ಪರ ಮಾತನಾಡಿಕೊಳ್ಳಬೇಕಾದರೆ 45 ಜೋಡಿಗಳು; ಐವತ್ತು ಜನರಾದರೆ 1,225. ಹೊಸಬರಿಗೆ ಕಲಿಸುವ ಕಾಲವೂ ಸೇರಿ, ತಡವಾದ ಕೆಲಸ ಇನ್ನಷ್ಟು ತಡವಾಗುತ್ತದೆ.

ಉತ್ಪಾದಕತೆಯ ಮೇಲೆ ಪರಿಣಾಮ ಬೀರುವ ಅಂಶಗಳನ್ನು ತೂಗಿ ನೋಡಿದ ಬ್ಯಾರಿ ಬೋಹಮ್ 1981ರ ತಮ್ಮ ಗ್ರಂಥದಲ್ಲಿ, ಉಪಕರಣಗಳೂ ಭಾಷೆಗಳೂ ಅಲ್ಲದೆ ತಂಡದ ಜನರ ಸಾಮರ್ಥ್ಯವೇ ಎಲ್ಲಕ್ಕಿಂತ ಪ್ರಬಲವಾದದ್ದೆಂದು ನಿರ್ಣಯಿಸಿದರು. ಕೈಗಾರಿಕೆಯ ತಂತ್ರಾಂಶದಲ್ಲಿ ಈ ಸಾಮರ್ಥ್ಯಕ್ಕೆ ಎರಡು ಮುಖಗಳು: ಕೋಡ್ ಬಲ್ಲವನಾಗಿರಬೇಕು, ಪ್ರೆಸ್ಸಿನ ಮುಂದೆ ನಿಂತವನ ಕಷ್ಟವನ್ನೂ ಬಲ್ಲವನಾಗಿರಬೇಕು. ಎರಡೂ ಒಬ್ಬನಲ್ಲಿ ದೊರೆಯುವುದು ದುರ್ಲಭ. ದೊರೆತ ಕಡೆ ಕೆಲಸ ಓಡುತ್ತದೆ.

ಅಂಥವರನ್ನು ರೂಪಿಸುವ ಸಂಸ್ಥೆಗಳು ಈ ಜಿಲ್ಲೆಯಲ್ಲಿ ಇಲ್ಲದಿಲ್ಲ. 2007ರಲ್ಲಿ, ಎಂದರೆ ಬೆಂಗಳೂರು ಗ್ರಾಮಾಂತರದಿಂದ ರಾಮನಗರ ಬೇರೆ ಜಿಲ್ಲೆಯಾದ ವರ್ಷದಲ್ಲೇ, ಬಿಡದಿಯಲ್ಲಿ ಟೊಯೋಟಾದ ತಾಂತ್ರಿಕ ತರಬೇತಿ ಶಾಲೆ ಆರಂಭವಾಗಿ, ಗ್ರಾಮೀಣ ಮಕ್ಕಳಿಗೆ ಕೈಕೆಲಸವನ್ನೂ ಶಿಸ್ತನ್ನೂ ಕಲಿಸುತ್ತ ಬಂದಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ, ಮಾಗಡಿಯಲ್ಲಿಯೂ ಕನಕಪುರದಲ್ಲಿಯೂ ಶಾಖೆಗಳನ್ನು ತೆರೆದಿದೆ. ಅಚ್ಚು ತಯಾರಿಸುವುದನ್ನೂ ಸಿಎನ್‌ಸಿ ಯಂತ್ರಕ್ಕೆ ಆದೇಶ ಬರೆಯುವುದನ್ನೂ ಒಂದೇ ಸೂರಿನಡಿ ಕಲಿಯುವ ಮಾಗಡಿಯ ಹುಡುಗ ಅಥವಾ ಹುಡುಗಿ, ನನ್ನ ಎಣಿಕೆಯಲ್ಲಿ, ಈ ಉದ್ಯಮದ ನಿಜವಾದ ಮೂಲಧನ.

ಚನ್ನಪಟ್ಟಣದ ಅನುಭವವನ್ನೂ ಇಲ್ಲಿ ನೆನೆಯಬೇಕು. ಹಾಲೆಮರವನ್ನು ಕೈಚರಕಿಯಲ್ಲಿ ಕಡೆಯುತ್ತಿದ್ದವರಿಗೆ ವಿದ್ಯುತ್ ಚರಕಿ ಬಂದು ಕಡೆಯುವ ವೇಗ ಏರಿತು. ಆದರೂ ಕೊಳ್ಳುವವರಿಗೆ ಬೇಕಾದ ಹೊಸ ವಿನ್ಯಾಸ, ಮಕ್ಕಳ ಬಾಯಿಗೆ ಹೋದರೂ ಅಪಾಯವಿಲ್ಲದ ಬಣ್ಣ, ಹೆಸರಿಗೆ ರಕ್ಷಣೆ ಇವು ಕೂಡಿಬರುವವರೆಗೂ ಕಸುಬು ಸೊರಗಿಯೇ ಇತ್ತು. ಭೌಗೋಳಿಕ ಗುರುತಿನ ಮಾನ್ಯತೆ ಅಲ್ಲಿನ ಬೊಂಬೆಗಳಿಗೆ ದೊರೆತ ಬಳಿಕವೂ ವಿನ್ಯಾಸಕಾರರು ಕುಶಲಕರ್ಮಿಗಳ ಜತೆ ಕುಳಿತು ದುಡಿದ ಕಡೆಗಳಲ್ಲಿ ಮಾತ್ರ ಆದಾಯ ಏರಿತು.

ಹತ್ತು ಮಡಿಯ ಆಸೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೃತಕ ಬುದ್ಧಿಮತ್ತೆಯ ನೆರವು ಪಡೆದವರು ಗೊತ್ತಾದ ಒಂದು ಸಣ್ಣ ಕೆಲಸವನ್ನು ಉಳಿದವರಿಗಿಂತ ಶೇಕಡ 55.8ರಷ್ಟು ಬೇಗ ಮುಗಿಸಿದರು. 2025ರ ಇನ್ನೊಂದು ಪ್ರಯೋಗದಲ್ಲಿ, ತಾವೇ ವರ್ಷಗಳಿಂದ ಪೋಷಿಸಿದ ದೊಡ್ಡ ತಂತ್ರಾಂಶದ ಮೇಲೆ ದುಡಿದ 16 ಮಂದಿ ಅನುಭವಿಗಳು, ನೆರವು ಪಡೆದಾಗ ಶೇಕಡ 19ರಷ್ಟು ಹೆಚ್ಚು ಕಾಲ ತೆಗೆದುಕೊಂಡರು. ತಮ್ಮ ಕೆಲಸ ಶೇಕಡ 20ರಷ್ಟು ಬೇಗನಾಯಿತೆಂದೇ ಅವರು ನಂಬಿದ್ದರು.

ಎರಡು ಫಲಿತಾಂಶಗಳೂ ನಿಜವಾಗಿರಬಲ್ಲವು. ಖಾಲಿ ಹಾಳೆಯ ಮೇಲೆ ಹೊಸದನ್ನು ಬರೆಯುವಲ್ಲಿ ಯಂತ್ರದ ವೇಗ ಒದಗುತ್ತದೆ. ಹಳೆಯ ಕಟ್ಟಡದ ಯಾವ ಕಂಬವನ್ನು ಏಕೆ ನಿಲ್ಲಿಸಿದೆಯೆಂದು ಬಲ್ಲವನ ಮುಂದೆ ಅದು ತಡವರಿಸುತ್ತದೆ. ಕಾರ್ಖಾನೆಯ ತಂತ್ರಾಂಶ ಹೆಚ್ಚಾಗಿ ಎರಡನೆಯ ಬಗೆಯದು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಮುಂದೆ ಇನ್ನೂ ಉತ್ತಮಗೊಳ್ಳುವುದು ಖಂಡಿತ. ಆದರೆ ಯಾವುದೇ ಒಂದು ಉಪಾಯ ಹತ್ತು ವರ್ಷದಲ್ಲಿ ಹತ್ತು ಪಟ್ಟು ಲಾಭ ತರಲಾರದೆಂದು ಬ್ರೂಕ್ಸ್ 1986ರಲ್ಲಿ ವಾದಿಸಿದ್ದರ ಆಧಾರ, ಕಷ್ಟವಿರುವುದು ಬರೆಯುವುದರಲ್ಲಲ್ಲ, ಏನನ್ನು ಬರೆಯಬೇಕೆಂದು ನಿರ್ಧರಿಸುವುದರಲ್ಲಿ ಎಂಬ ಅರಿವು. ಆ ಅರಿವು ಇಂದಿಗೂ ಅಳಿದಿಲ್ಲ.

ಗಳಿಕೆ ಯಾರಿಗೆ ಸೇರಬೇಕೆಂಬುದನ್ನೂ ಮರೆಯಬಾರದು. ಸ್ವಯಂಚಾಲಿತ ಬಿಚ್ಚಾಣಿಕೆಯ ಯಂತ್ರ ಬಂದುದರಿಂದ, ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಬೆರಳದ್ದಿ ಚರ್ಮ ಕಳೆದುಕೊಳ್ಳುತ್ತಿದ್ದ ಹೆಂಗಸರ ಯಾತನೆ ತಗ್ಗಿತು, ನೂಲಿನ ಗುಣವೂ ಏರಿತು; ಆದರೆ ಆ ಯಂತ್ರದ ಬೆಲೆ ಎರಡು ಮೂರು ಚರಕಗಳ ಒಡೆಯನ ಕೈಗೆಟುಕುವಂಥದಲ್ಲ. ಸಣ್ಣ ಘಟಕಕ್ಕೆ ಹೊಂದುವ ಅಗ್ಗದ ಸಂವೇದಕ, ನೂಲಿನ ದಪ್ಪವನ್ನೂ ನೀರಿನ ಶಾಖವನ್ನೂ ಕಾಯುವ ಸರಳ ತಂತ್ರಾಂಶ, ಇವನ್ನು ಬೆಂಗಳೂರಿನ ಜಾಣರು ಮನಸ್ಸು ಮಾಡಿದರೆ ರೂಪಿಸಲಾರದವೇನಲ್ಲ.

ಬಿಡದಿಯ ಹೊಸ ನಗರದ ನಕ್ಷೆ ಬರೆಯುವವರಲ್ಲಿ ಈ ಲೇಖಕನ ವಿನಂತಿ ಇಷ್ಟು: ಕಟ್ಟಡಗಳಿಗೆ ಮೊದಲು ಮಾಗಡಿ, ಕನಕಪುರ, ಚನ್ನಪಟ್ಟಣಗಳ ತರಬೇತಿ ಕೇಂದ್ರಗಳಿಗೆ ಅಧ್ಯಾಪಕರನ್ನೂ ಯಂತ್ರಗಳನ್ನೂ ಕೊಡಿ, ಕೋಡ್ ಬರೆಯುವವರನ್ನು ಬರೆಯುವ ಮುನ್ನ ಕೆಲವು ತಿಂಗಳು ನೂಲಿನ ಘಟಕದಲ್ಲೋ ಪ್ರೆಸ್ಸಿನ ಮುಂದೆಯೋ ನಿಲ್ಲಿಸಿ, ಜಿಲ್ಲೆಯ ಕಾರ್ಖಾನೆಗಳಲ್ಲಿ ಯಂತ್ರದ ತೆರೆಯ ಮೇಲೆ ಮೂಡುವ ಎಚ್ಚರಿಕೆಯ ಮಾತುಗಳು ಅದನ್ನು ನಡೆಸುವವನ ಕನ್ನಡದಲ್ಲಿರಲಿ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತು ಮೂರು ದಶಕಗಳು ಕಳೆದಿವೆ. ಈ ಕೊನೆಯ ಕೆಲಸಕ್ಕೆ ಹೊಸ ನಗರವನ್ನು ಕಾಯಬೇಕಾಗಿಲ್ಲ, ಈ ವರ್ಷವೇ ಮಾಡಬಹುದು.